ಹೇಮಕ್ಕ ಆರಿಸಿದ ದ್ವೀಪ

ಮೊನ್ನೆ ಶುಕ್ರವಾರ ಇಲ್ಲಿ ಕತಾರಿನ ಅಲ್ ರಯ್ಯಾನ್‌ನ ದೊಡ್ಡ ಅಂಗಡಿಯೊಂದರಲ್ಲಿ ಹೆಸರುಬೇಳೆ ಹುಡುಕಲು ಹೊರಟವಳು ಸಾಲು ತಪ್ಪಿ ಸೋಪು, ಶಾಂಪೂ, ಕ್ರೀಮುಗಳ ನಡುವೆ ಹೋಗಿ ನಿಂತೆ. ಅಲ್ಲಿ ಒಬ್ಬ ಹೆಂಗಸು ಬಿಸಿಲಿಗೆ ಮೈಗೆ ಹಚ್ಚುವ ಲೋಷನ್ನಿನ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದಳು. ಆ ವಾಸನೆ ನನ್ನ ಮೂಗಿಗೂ ಬಡಿಯಿತು. ತೆಂಗಿನಕಾಯಿಯ ವಾಸನೆಯೇ, ಆದರೆ ನಾವು ತಲೆಗೆ ಹಚ್ಚುವ ಎಣ್ಣೆಯದ್ದಲ್ಲ; ತೆಂಗಿನಕಾಯಿಯನ್ನು ಐಸ್‌ಕ್ರೀಮಿನಲ್ಲಿ ಅದ್ದಿ ತೆಗೆದ ಹಾಗೆ ಸಿಹಿಸಿಹಿ. ನನಗೆ ಕೂಡಲೇ ಸಿಟ್ಟು ಬಂತು.

ಲೋಷನ್ನಿನ ವಾಸನೆಗೆ ಸಿಟ್ಟು ಬರುವುದು ಎಲ್ಲಿಯಾದರೂ ಉಂಟೇ ಎಂದು ನೀವು ಕೇಳಬಹುದು. ನನಗೆ ಬರುತ್ತದೆ. ನನ್ನ ಗಂಡನ ಪ್ರಕಾರ ನನಗೆ ಸಿಟ್ಟು ಬರಲು ಕಾರಣ ಬೇಕಾಗಿಲ್ಲ, ನಿಲ್ಲಲು ಜಾಗ ಇದ್ದರೆ ಸಾಕು. ಟ್ರಾಲಿ ತಳ್ಳುತ್ತಿದ್ದ ಅವರು ನನ್ನ ಮುಖ ನೋಡಿದವರೇ "ಬೇಳೆ ಆಚೆ ಬದಿಯಲ್ಲಿ ಉಂಟು" ಎಂದು ಹೇಳಿ ಅಕ್ಕಿ ಮೂಟೆಗಳ ಕಡೆಗೆ ಜಾರಿಕೊಂಡರು. ಇಷ್ಟು ವರ್ಷ ನನ್ನೊಂದಿಗೆ ಸಂಸಾರ ಮಾಡಿದವರಿಗೆ ಯಾವಾಗ ಜಾರಬೇಕೆಂದು ಗೊತ್ತಿದೆ. ಆದರೆ ಈ ಸಿಟ್ಟಿಗೆ ಕಾರಣ ಇದೆ. ಆ ಕಾರಣದ ಹೆಸರು ಹೇಮಕ್ಕ.

ಇಲ್ಲೇ ಹತ್ತಿರದ ಮುಐದರ್‌ನಲ್ಲಿ ನಾವು ಆಗ ಒಂದು ವಿಲ್ಲಾದಲ್ಲಿದ್ದೆವು. ವಿಲ್ಲಾ ಎಂದ ಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ಊರಿನಲ್ಲಿ ನನ್ನ ಅತ್ತೆ ಹಾಗೆ ಕಲ್ಪಿಸಿಕೊಂಡು ಬೀದಿಗೆಲ್ಲ ಹೇಳಿಕೊಂಡು ಬಂದು ನನಗೆ ಸಾಕೋ ಸಾಕು ಮಾಡಿದ್ದರು. ಒಂದು ದೊಡ್ಡ ಮನೆಯನ್ನು ಹಲಗೆಗೋಡೆ ಹಾಕಿ ಭಾಗ ಮಾಡಿ, ಒಂದೊಂದು ಭಾಗಕ್ಕೆ ಒಂದೊಂದು ಕುಟುಂಬವನ್ನು ತುಂಬಿಸಿದ ವ್ಯವಸ್ಥೆ ಅದು. ನಮ್ಮ ಬಾಗಿಲಿಗೆ ಎದುರು ಬಾಗಿಲು ಹೇಮಕ್ಕನದು. ನಡುವೆ ಸಿಮೆಂಟಿನ ಅಂಗಳ. ಆ ಅಂಗಳದಲ್ಲಿ ಹೇಮಕ್ಕ ಪೈಂಟಿನ ಡಬ್ಬಗಳಲ್ಲಿ ಬಸಳೆ ಬೆಳೆಸಿದ್ದರು. ನವೆಂಬರಿನಲ್ಲಿ ನೆಟ್ಟರೆ ಫೆಬ್ರವರಿಗೆ ಅದು ಗೋಡೆ ಹತ್ತಿ, ಆಚೆ ಮನೆಯ ಮಲಯಾಳಿಗಳ ಕಿಟಕಿಗೂ ಇಣುಕುತ್ತಿತ್ತು.

ಹೇಮಕ್ಕ ಸುರತ್ಕಲ್ ಕಡೆಯವರು. ಒಂದು ಪಾಲಿಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ದಿನವಿಡೀ ಏಸಿಯ ಚಳಿಯಲ್ಲಿ ನಿಂತೇ ಇರಬೇಕು. ಸಂಜೆ ಮನೆಗೆ ಬಂದು ಅಂಗಳದ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತರೆ, ಮೊದಲು ಕಾಲ ಮೀನಖಂಡ ಒತ್ತಿಕೊಳ್ಳುತ್ತಿದ್ದರು. ಗಂಡ ಸದಾಶಿವಣ್ಣ ಒಂದು ಕಂಪನಿಯ ಸ್ಟೋರಿನಲ್ಲಿದ್ದರು. ಒಳ್ಳೆಯ ಮನುಷ್ಯ. ಎಲ್ಲರೂ ಅವರನ್ನು ಒಳ್ಳೆಯ ಮನುಷ್ಯ ಎನ್ನುತ್ತಿದ್ದರು, ಈಗಲೂ ಎನ್ನುತ್ತಾರೆ. ಯಾರಿಗೂ ಇಲ್ಲ ಎನ್ನಲಾರದ ಒಳ್ಳೆಯ ಗಂಡಸರ ಮೇಲೆ ನನಗೆ ವಿಶೇಷವಾದ ಸಿಟ್ಟಿದೆ. ಅವರ ಒಳ್ಳೆಯತನದ ಕೆಲಸವನ್ನೆಲ್ಲ ಮನೆಯ ಹೆಂಗಸೇ ಮಾಡಿ ಮುಗಿಸಬೇಕಾಗುತ್ತದೆ.

ಅವರಿಗೆ ಮಕ್ಕಳಿರಲಿಲ್ಲ. ಇದನ್ನು ನಾನು ಹೇಳದೆಯೂ ಇರುತ್ತಿದ್ದೆ, ಅವರ ಸಂಗತಿ ಅವರಿಗೆ. ಆದರೆ ನಮ್ಮ ಜನ ಅದನ್ನು ಅವರ ಸಂಗತಿಯಾಗಿ ಉಳಿಯಲು ಬಿಟ್ಟಿದ್ದರೆ ತಾನೆ? ಹೇಗೆ ಎಂದು ವಿವರಿಸುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಿ. ನನಗೆ ಇಲ್ಲದ ತಾಳ್ಮೆ ನಿಮಗಾದರೂ ಇರಲಿ.

ಕರಾವಳಿಯಲ್ಲಿ ಶುಭಕಾರ್ಯಕ್ಕೆ ದಿನ ಇಡುವಾಗ ಪುರೋಹಿತರು ಪಂಚಾಂಗ ನೋಡುತ್ತಾರೆ. ಪಂಚಾಂಗಕ್ಕೂ ಮೊದಲು ಇನ್ನೊಂದನ್ನು ನೋಡುತ್ತಾರೆ. ಅದು ಗಲ್ಫಿನವರ ರಜೆ. ಯಾರಿಗೆ ಯಾವಾಗ ರಜೆ ಎಂದು ಗೊತ್ತಾಗುವವರೆಗೆ ಮದುವೆ ಇಲ್ಲ, ಸೀಮಂತ ಇಲ್ಲ, ದೈವದ ಕೋಲ ಇಲ್ಲ, ಹೊಸ ಮನೆಯ ಒಕ್ಕಲು ಇಲ್ಲ. ಮಕ್ಕಳಿರುವ ನಮ್ಮಂಥವರು ಶಾಲೆಗೆ ರಜೆ ಸಿಗುವ ಜುಲೈ ಆಗಸ್ಟಿನಲ್ಲಿ ಮಾತ್ರ ಊರಿಗೆ ಹೋಗಬಲ್ಲೆವು. ಆಗ ಊರಿನಲ್ಲಿ ಆಟಿ ತಿಂಗಳು. ಆಟಿಯಲ್ಲಿ ಯಾರೂ ಯಾವ ಶುಭಕಾರ್ಯವನ್ನೂ ಮಾಡುವುದಿಲ್ಲ. ಹಾಗಾಗಿ ನಾವು ಹೋಗಿ ಪತ್ರೊಡೆ ತಿಂದು, ಒದ್ದೆ ಬಟ್ಟೆಯನ್ನು ಫ್ಯಾನಿನ ಕೆಳಗೆ ಒಣಗಿಸಿ ಬರುತ್ತಿದ್ದೆವು. ಶುಭಕಾರ್ಯಗಳ ಕಾಲಕ್ಕೆ ಹೋಗಬಲ್ಲವರು ಹೇಮಕ್ಕ ಮತ್ತು ಸದಾಶಿವಣ್ಣ. "ನಿಮಗೆಂತ, ಮಕ್ಕಳ ಸ್ಕೂಲಿನ ತಾಪತ್ರಯ ಇಲ್ಲವಲ್ಲ." ಈ ಮಾತನ್ನು ಎಷ್ಟು ಜನರ ಬಾಯಿಯಲ್ಲಿ ಕೇಳಿದ್ದೇನೋ. ಒಂದು ಸಂಕಟವನ್ನು ಒಂದು ಸೌಕರ್ಯವೆಂದು ಮುಖದ ಮೇಲೆ ಹೇಳುವ ಧೈರ್ಯ ನಮ್ಮ ಸಂಬಂಧಿಕರಿಗೆ ಮಾತ್ರ ಇರುತ್ತದೆ.

ಹೀಗೆ ವರ್ಷ ವರ್ಷವೂ ಹೇಮಕ್ಕನ ರಜೆಯನ್ನು ಯಾರೋ ಒಬ್ಬರು ತಿಂದರು. ಭಾವನ ಮಗಳ ಮದುವೆ, ನಾದಿನಿಯ ಬಾಣಂತನ, ಅತ್ತೆಯ ಕಣ್ಣಿನ ಆಪರೇಷನ್. ಹೇಮಕ್ಕ ಹೋಗುತ್ತಿದ್ದರು, ಅಡುಗೆಮನೆಯಲ್ಲಿ ನಿಲ್ಲುತ್ತಿದ್ದರು, ಬರುತ್ತಿದ್ದರು. ವಿಮಾನ ನಿಲ್ದಾಣದಿಂದ ಮನೆಗೆ ಬಂದ ದಿನ ಅವರ ಕಾಲು ಊದಿಕೊಂಡಿರುತ್ತಿತ್ತು. ಮಾರನೆಯ ಬೆಳಿಗ್ಗೆ ಡ್ಯೂಟಿ.

ಆ ಚಳಿಗಾಲದಲ್ಲಿ ಒಂದು ಸಂಜೆ ಮೆಟ್ಟಿಲ ಮೇಲೆ ಕುಳಿತು ಹೇಮಕ್ಕ ಇದ್ದಕ್ಕಿದ್ದಂತೆ ಹೇಳಿದರು. "ನಮ್ಮ ಕ್ಲಿನಿಕ್ಕಿನ ವೇಟಿಂಗ್ ರೂಮಲ್ಲಿ ಟಿವಿ ಉಂಟಲ್ಲ, ಸೌಂಡ್ ಇಲ್ಲದ್ದು. ಅದರಲ್ಲಿ ದಿನಾ ಒಂದು ಸಮುದ್ರ ತೋರಿಸ್ತಾರೆ ಮಾರಾಯ್ತಿ. ಕೆರಿಬಿಯನ್ ಅಂತೆ. ನೀರು ಹೇಗುಂಟು ಅಂದ್ರೆ, ಕೆಳಗಿನ ಮರಳು ಕಾಣ್ತದೆ. ಒಬ್ಬಳು ಹೆಂಗಸು, ನನಗಿಂತ ದಪ್ಪ, ಕುರ್ಚಿಯಲ್ಲಿ ಕೂತಿದ್ದಾಳೆ. ಅಷ್ಟೇ. ಎಂತದೂ ಮಾಡುವುದಿಲ್ಲ. ಮರುದಿನ ನೋಡಿದ್ರೂ ಅಲ್ಲೇ ಕೂತಿದ್ದಾಳೆ."

"ಅದು ಅದೇ ವೀಡಿಯೋ ಹೇಮಕ್ಕ" ಎಂದೆ.

"ಗೊತ್ತುಂಟು. ನನಗೂ ಹಾಗೆ ಕೂತ್ಕೊಳ್ಳಬೇಕು."

ನಗಬೇಕೆನಿಸಿತು, ನಗಲಿಲ್ಲ. ಅವರ ಮುಖದಲ್ಲಿ ನಗು ಇರಲಿಲ್ಲ. ಮರುದಿನದಿಂದ ಶುರುವಾಯಿತು ನೋಡಿ ನಮ್ಮ ದ್ವೀಪ ಆರಿಸುವ ಕಾರ್ಯಕ್ರಮ. ದೋಹಾದ ಚಳಿಗಾಲದ ಸಂಜೆಗಳು ಎಷ್ಟು ಚಂದವೆಂದು ಇಲ್ಲಿದ್ದವರಿಗೆ ಗೊತ್ತು. ಸ್ವೆಟರ್ ಹಾಕಿಕೊಂಡು, ಚಹಾ ಹಿಡಿದುಕೊಂಡು, ಬಸಳೆ ಬಳ್ಳಿಯ ಪಕ್ಕದಲ್ಲಿ ಮೊಬೈಲಿಗೆ ತಲೆ ಹಾಕಿ ಕುಳಿತರೆ ಅನ್ನಕ್ಕಿಟ್ಟದ್ದೂ ಮರೆತುಹೋಗುತ್ತಿತ್ತು. ಭೂಗೋಳದಲ್ಲಿ ನಾನು ಯಾವಾಗಲೂ ಹಿಂದೆ. ಕೆರಿಬಿಯನ್ ಎಂದರೆ ವೆಸ್ಟ್ ಇಂಡೀಸ್ ಎಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಅಲ್ಲಿ ಮಳೆ, ಬಿರುಗಾಳಿ ಎಲ್ಲ ಮುಗಿದು ಚಳಿಗಾಲದ ಕೊನೆಗೆ ಒಣ ಹವೆ, ಬೆಚ್ಚಗಿನ ನೀರು ಎಂಬುದನ್ನು ಹೇಮಕ್ಕನೇ ಓದಿ ಹೇಳಿದರು. ದೋಹಾದ ಸಮುದ್ರ ಫೆಬ್ರವರಿಯಲ್ಲಿ ಕಾಲಿಟ್ಟರೆ ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಅವರಿಗೆ ಬೆಚ್ಚಗಿನ ನೀರೇ ಬೇಕಿತ್ತು.

ಆರಿಸುವುದರಲ್ಲಿ ಹೇಮಕ್ಕ ಬಂಗುಡೆ ಆರಿಸುವಷ್ಟೇ ಬಿಗಿ. ಕಿವಿರು ಎತ್ತಿ ನೋಡದೆ ಒಂದನ್ನೂ ಬುಟ್ಟಿಗೆ ಹಾಕುವವರಲ್ಲ. ಕುರಾಸೌ ಎಂಬ ದ್ವೀಪ ಮೊದಲು ಬಂತು. ಚಿತ್ರಗಳಲ್ಲಿ ಬಣ್ಣ ಬಣ್ಣದ ಮನೆಗಳು, ಹಿಂದೆ ಕುರುಚಲು ಗಿಡ, ದೂರದಲ್ಲಿ ಎಣ್ಣೆ ಶುದ್ಧ ಮಾಡುವ ಕಾರ್ಖಾನೆಯ ಚಿಮಣಿ. "ಇದನ್ನು ನೋಡ್ಲಿಕ್ಕೆ ಇಲ್ಲಿಯ ದುಖಾನ್ ರೋಡಲ್ಲಿ ಹೋದ್ರೆ ಸಾಕು" ಎಂದು ತಳ್ಳಿಹಾಕಿದರು. ಆಮೇಲೆ ಸೇಂಟ್ ಲೂಸಿಯಾ. ಹಸಿರು ಬೆಟ್ಟ, ತೆಂಗು, ಬಾಳೆ, ರಸ್ತೆ ಬದಿಯಲ್ಲಿ ಹಲಸಿನ ಜಾತಿಯ ಜೀಗುಜ್ಜೆ ಮರ. ಜೀಗುಜ್ಜೆ ನೋಡಿದ್ದೇ ಅಷ್ಟು ಹೊತ್ತು ಪೇಪರ್ ಓದುತ್ತಿದ್ದ ಸದಾಶಿವಣ್ಣ ಎದ್ದು ಬಂದರು. "ಬಾಳೆ, ತೆಂಗು, ಜೀಗುಜ್ಜೆ. ಇದಕ್ಕೆ ಅಷ್ಟು ದೂರ ಯಾಕೆ? ನಮ್ಮ ಹಿತ್ತಲಲ್ಲಿ ಇಲ್ವಾ?"

ಹೇಮಕ್ಕ ತಲೆ ಎತ್ತದೆ ಕೇಳಿದರು. "ನಮ್ಮ ಹಿತ್ತಲಲ್ಲಿ ನಾನು ಕೂತದ್ದು ಯಾವತ್ತಾದ್ರೂ ನೋಡಿದ್ದೀರಾ?"

ಸದಾಶಿವಣ್ಣ ಪೇಪರಿನ ಕಡೆಗೆ ಹಿಂದಿರುಗಿದರು. ನನಗೆ ಆ ಪ್ರಶ್ನೆ ಎಷ್ಟು ಹಿಡಿಸಿತೆಂದರೆ ಅಂದು ಮನೆಗೆ ಹೋಗಿ ನನ್ನ ಗಂಡನಿಗೂ ಕೇಳಿದೆ. ನಮಗೆ ಹಿತ್ತಲೇ ಇಲ್ಲವಲ್ಲ ಎಂದು ಅವರು ನಿಜವಾಗಿಯೂ ಗೊಂದಲಕ್ಕೆ ಬಿದ್ದರು.

ಕೊನೆಗೆ ನಿಂತದ್ದು ಬಾರ್ಬಡೋಸ್. ನಮ್ಮ ಪಾಸ್‌ಪೋರ್ಟಿಗೆ ಅಲ್ಲಿ ವೀಸಾ ಬೇಡ, ದಾರಿಯಲ್ಲಿ ಲಂಡನ್ನಿನಲ್ಲಿ ವಿಮಾನ ಬದಲಿಸಲು ಒಂದು ಕಾಗದ ಬೇಕು, ಅಷ್ಟೇ. ಪಶ್ಚಿಮದ ಬದಿಯಲ್ಲಿ ಸಮುದ್ರ ಕೆರೆಯ ಹಾಗೆ ಶಾಂತ. ಅಲ್ಲಿಯವರು ಹಾರುವ ಮೀನು ತಿನ್ನುತ್ತಾರಂತೆ. ಹೇಮಕ್ಕ ಅದನ್ನು ಓದಿ, "ಹಾರುವುದಾದ್ರೆ ತಿನ್ನುವುದು ಪಾಪ ಅಲ್ವಾ" ಎಂದು ಒಂದು ಕ್ಷಣ ಯೋಚಿಸಿ, "ಮಸಾಲೆ ಹೇಗೆ ಮಾಡ್ತಾರೋ" ಎಂದರು. ಸದಾಶಿವಣ್ಣನನ್ನು ಒಲಿಸಿಕೊಂಡದ್ದು ಕ್ರಿಕೆಟ್. ಅಲ್ಲಿನ ಮೈದಾನದ ಹೆಸರು ಹೇಳಿದ ಕೂಡಲೇ ಅವರ ಮುಖ ಅರಳಿತು. ಬಾಲ್ಯದಲ್ಲಿ ರೇಡಿಯೋ ಕಿವಿಗೆ ಒತ್ತಿಕೊಂಡು ಕೇಳಿದ ಹೆಸರಂತೆ.

ಟಿಕೆಟ್ ಮಾಡಲು ಅಲ್ ಮುಂತಜಾದ ಹನೀಫನ ಹತ್ತಿರ ಹೋದೆವು. ಉಳ್ಳಾಲದ ಹನೀಫ ನಮ್ಮ ಕಡೆಯವರಿಗೆಲ್ಲ ಟಿಕೆಟ್ ಮಾಡಿ ಕೊಡುವವನು. ಬಾರ್ಬಡೋಸ್ ಎಂಬ ಹೆಸರು ಕೇಳಿ ಕೀಬೋರ್ಡಿನಿಂದ ಕೈ ತೆಗೆದ. "ಮಂಗಳೂರು, ಕಣ್ಣೂರು, ಕೋಝಿಕೋಡ್ ಆದ್ರೆ ಕಣ್ಣು ಮುಚ್ಚಿ ಮಾಡ್ತೇನೆ ಅಕ್ಕ. ಇದು ನಾನು ಇಷ್ಟು ವರ್ಷದಲ್ಲಿ ಮಾಡಿದ್ದೇ ಇಲ್ಲ. ಅಲ್ಲಿ ಎಂತ, ಕೆಲಸ ಸಿಕ್ಕಿತಾ?"

"ಇಲ್ಲ. ಸುಮ್ಮನೆ ಹೋಗುವುದು" ಎಂದರು ಹೇಮಕ್ಕ.

"ಸುಮ್ಮನೆ?" ಹನೀಫ ಆ ಶಬ್ದವನ್ನು ಮೊದಲ ಸಲ ಕೇಳಿದವನಂತೆ ನಮ್ಮಿಬ್ಬರನ್ನೂ ನೋಡಿದ. ಆಮೇಲೆ ನಕ್ಕು, "ಯಲ್ಲಾ, ಹೋಗಿ ಬನ್ನಿ ಅಕ್ಕ. ನಮ್ಮವರು ಒಬ್ಬರಾದ್ರೂ ಹೋಗಲಿ" ಎಂದು ಚಹಾ ತರಿಸಿದ. ಈ ಕಥೆಯಲ್ಲಿ ನನಗೆ ಸಿಟ್ಟು ಬಾರದ ಮನುಷ್ಯ ಇವನೊಬ್ಬನೇ.

ಮುಂದಿನ ದಿನಗಳಲ್ಲಿ ಹೇಮಕ್ಕ ಬೇರೆಯೇ ಹೆಂಗಸಾದರು. ಅಂಗಡಿಯಿಂದ ಒಂದು ಈಜುಡುಗೆ ತಂದರು. ಇಲ್ಲಿನ ಹೆಂಗಸರು ಹಾಕುವ, ಕೈಕಾಲು ಪೂರ್ತಿ ಮುಚ್ಚುವಂಥದ್ದು. ಅದನ್ನು ತೊಟ್ಟುಕೊಂಡು ನನ್ನನ್ನು ಕರೆದು ತೋರಿಸಿದರು. ನಾವಿಬ್ಬರೂ ಬಾಗಿಲು ಹಾಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಸಮುದ್ರದ ಬದಿಯಲ್ಲಿ ಹುಟ್ಟಿ ಬೆಳೆದ ಹೆಂಗಸು ಆಕೆ. ಅಮಾವಾಸ್ಯೆಯ ಸ್ನಾನಕ್ಕೆ ಸೀರೆ ಎತ್ತಿ ಹಿಡಿದು ಮೊಣಕಾಲಷ್ಟು ನೀರಿಗೆ ಇಳಿದದ್ದು ಬಿಟ್ಟರೆ ಸಮುದ್ರಕ್ಕೆ ಮೈ ಒಡ್ಡಿದವರಲ್ಲ. ಮತ್ತೆ ಆ ಲೋಷನ್. ಅಂಗಡಿಯಲ್ಲಿ ಒಂದೊಂದನ್ನೇ ಮೂಸಿ ನೋಡಿ ತೆಂಗಿನಕಾಯಿ ವಾಸನೆಯದ್ದನ್ನೇ ಆರಿಸಿದ್ದರು. ದಿನಾ ಸಂಜೆ ಮುಚ್ಚಳ ತೆಗೆದು ಅಂಗೈ ಮೇಲೆ ಒಂದು ಚುಕ್ಕೆ ಹಾಕಿ, ನನ್ನ ಕೈಗೂ ಒರೆಸುತ್ತಿದ್ದರು.

ಒಂದೇ ಒಂದು ಷರತ್ತು ಇತ್ತು. ಹೊರಡುವವರೆಗೆ ಊರಿಗೆ ಹೇಳಬಾರದು. ಸದಾಶಿವಣ್ಣ ಒಪ್ಪಿದರು. ಒಪ್ಪುವುದರಲ್ಲಿ ಅವರನ್ನು ಮೀರಿಸಿದವರು ಯಾರು?

ಒಂದು ಶುಕ್ರವಾರ ಅವರ ಅಣ್ಣನ ಫೋನ್ ಬಂತು. ಕ್ಷೇಮ ಸಮಾಚಾರ ಆಯಿತು, ಮೀನಿನ ವಿಷಯ ಆಯಿತು. ಆಮೇಲೆ, "ಈ ಸಲ ರಜೆ ಯಾವಾಗ?" ಸದಾಶಿವಣ್ಣ ಸುಳ್ಳು ಹೇಳುವವರಲ್ಲ. ಫೆಬ್ರವರಿ ಕೊನೆಗೆ ರಜೆ ಉಂಟು ಎಂದರು. ಅಷ್ಟೇ. ರಜೆ ಎಲ್ಲಿಗೆ ಎಂದು ಹೇಳಲಿಲ್ಲ, ಏಕೆಂದರೆ ಅವರು ಕೇಳಲಿಲ್ಲ. ಅಣ್ಣ ಯಾಕೆ ಕೇಳುತ್ತಾರೆ? ನಮ್ಮ ಕಡೆ ಗಲ್ಫಿನವನು ರಜೆ ಉಂಟು ಎಂದರೆ ಊರಿಗೆ ಬರುತ್ತೇನೆ ಎಂದೇ ಅರ್ಥ. ಅದಕ್ಕೆ ಬೇರೆ ಅರ್ಥ ಇರಬಹುದೆಂದು ಕನಸಿನಲ್ಲೂ ಯಾರಿಗೂ ಹೊಳೆಯುವುದಿಲ್ಲ. ಸತ್ಯ ಹೇಳಿದ್ದೇನೆ ಎಂಬ ಸಮಾಧಾನದಲ್ಲಿ ಸದಾಶಿವಣ್ಣ ಫೋನ್ ಇಟ್ಟು, ಮಧ್ಯಾಹ್ನ ಊಟ ಮಾಡಿ ಮಲಗಿದರಂತೆ.

ಮುಂದಿನ ಶುಕ್ರವಾರ ನಾನು ಅಲ್ಲೇ ಇದ್ದೆ. ಹೇಮಕ್ಕ ಬಸಳೆ ದಂಟು ಕತ್ತರಿಸುತ್ತಿದ್ದುದರಿಂದ ಫೋನನ್ನು ಸ್ಪೀಕರಿನಲ್ಲಿಟ್ಟಿದ್ದರು. ಆ ಕಡೆಯಿಂದ ಅವರ ಓರಗಿತ್ತಿ ರತ್ನಕ್ಕ, ಎಂದರೆ ಆ ಅಣ್ಣನ ಹೆಂಡತಿ. ದನಿಯಲ್ಲಿ ಸಂಭ್ರಮ ತುಂಬಿ ತುಳುಕುತ್ತಿತ್ತು.

"ಹೇಮಾ, ಪ್ರವೀಣನ ಮನೆ ಒಕ್ಕಲಿಗೆ ದಿನ ಇಟ್ಟಾಯ್ತು! ಫೆಬ್ರವರಿ ಕೊನೆಗೆ. ಭಟ್ರು ಮೇ ತಿಂಗಳು ಒಳ್ಳೇದಿತ್ತು ಅಂದ್ರು. ನಾನು ಬಿಡ್ಲಿಲ್ಲ. ನಿನ್ನ ರಜೆ ನೋಡಿಯೇ ಇಟ್ಟದ್ದು ಮಾರಾಯ್ತಿ."

ಪ್ರವೀಣ ರತ್ನಕ್ಕನ ಮಗ. ಹೇಮಕ್ಕನ ಕೈಯಲ್ಲಿದ್ದ ಚೂರಿ ನಿಂತಿತು. "ಅಕ್ಕ, ನಾವು ಈ ಸಲ ಊರಿಗೆ ಬರುವುದಿಲ್ಲ. ಬೇರೆ ಕಡೆ ಹೋಗುವುದು ಅಂತ ಮಾಡಿದ್ದೇವೆ."

"ಬೇರೆ ಕಡೆ ಎಲ್ಲಿಗೆ?"

"ಬಾರ್ಬಡೋಸ್‌ಗೆ."

ಲೈನ್ ಕಟ್ಟಾಯಿತೆಂದು ನಾನು ಫೋನಿನ ಕಡೆಗೆ ಬಗ್ಗಿದೆ. ಆಮೇಲೆ ಕೇಳಿತು. "ಅಲ್ಲಿ ನಿಮ್ಮವರು ಯಾರಿದ್ದಾರೆ?"

"ಯಾರೂ ಇಲ್ಲ ಅಕ್ಕ. ಅದಕ್ಕೇ ಹೋಗುವುದು."

ಎದ್ದು ನಿಂತು ಚಪ್ಪಾಳೆ ತಟ್ಟುವುದೊಂದೇ ಬಾಕಿ ನನಗೆ. ಹೇಮಕ್ಕ ಗೆದ್ದರು ಎಂದೇ ಭಾವಿಸಿದೆ. ನನ್ನ ಬುದ್ಧಿ ಅಷ್ಟೇ. ಕುಟುಂಬ ಎಂಬುದು ಒಂದು ಉತ್ತರಕ್ಕೆ ಸೋತು ಹಿಂದೆ ಸರಿದದ್ದನ್ನು ನೀವಾದರೂ ನೋಡಿದ್ದೀರಾ?

ಫೋನುಗಳು ಶುರುವಾದವು. ಹೇಮಕ್ಕನಿಗಲ್ಲ, ಸದಾಶಿವಣ್ಣನಿಗೆ. ಎಲ್ಲಿ ಒತ್ತಿದರೆ ಬಾಗುತ್ತದೆಂದು ಅವರಿಗೆ ಗೊತ್ತಿತ್ತು. ಅಣ್ಣ ಬೇಸರದಿಂದ ಮಾತಾಡಿದರು, ರತ್ನಕ್ಕ ಅತ್ತರು, ಪ್ರವೀಣ, "ನೀವು ಇಲ್ಲದಿದ್ರೆ ಬೇಡ ಚಿಕ್ಕಪ್ಪ, ಒಕ್ಕಲೇ ಬೇಡ" ಎಂದ. ಕೊಡುವುದಕ್ಕೆ ಪ್ರೀತಿ, ಕಸಿಯುವುದಕ್ಕೂ ಅದೇ ಪ್ರೀತಿ. ಸಾಲದ್ದಕ್ಕೆ ಇಲ್ಲಿಯೂ ಸುದ್ದಿ ಹರಡಿತು. ನಮ್ಮ ಕಡೆಯವರ ಒಂದು ಸಂಘ ಉಂಟಲ್ಲ, ಅದರ ಹಿರಿಯರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟದ ಹೊತ್ತಿಗೆ ಆ ಯಜಮಾನರು ಎಲ್ಲರ ಎದುರೇ, "ಬಿಸಿಲಿನ ದೇಶದಿಂದ ಬಿಸಿಲಿನ ದೇಶಕ್ಕೆ ಯಾರಾದ್ರೂ ದುಡ್ಡು ಕೊಟ್ಟು ಹೋಗ್ತಾರಾ ಹೇಮಾ?" ಎಂದು ನಕ್ಕರು. ಎಲ್ಲರೂ ನಕ್ಕರು. ಆಮೇಲೆ ಅವರು ದನಿ ತಗ್ಗಿಸಿ, ದೊಡ್ಡ ಉಪಕಾರ ಮಾಡುವವರ ಹಾಗೆ ಹೇಳಿದರು. "ನಿಮಗೆ ಅಂತ ಇರುವುದು ಅಣ್ಣನ ಮಗನೇ ಅಲ್ವಾ? ನಾಳೆ ನೀರು ಬಿಡುವವನು ಅವನೇ."

ನೀರು ಬಿಡುವುದೆಂದರೆ, ಸಾಯುವಾಗ ಬಾಯಿಗೆ ನೀರು ಬಿಡುವುದು. ಪಾಯಸದ ಲೋಟ ಕೈಯಲ್ಲಿ ಹಿಡಿದುಕೊಂಡಿದ್ದ ಹೆಂಗಸಿಗೆ ಹೇಳಿದ ಮಾತು ಇದು.

ನಾನು ಸುಮ್ಮನಿರಲಿಲ್ಲ. "ಅವರು ಸಾಯ್ಲಿಕ್ಕೆ ಹೋಗುವುದಲ್ಲ, ಸಮುದ್ರ ನೋಡ್ಲಿಕ್ಕೆ ಹೋಗುವುದು. ಪ್ರಸಾದ ಹಂಚಿ ನೀವು" ಎಂದುಬಿಟ್ಟೆ. ನನ್ನ ಗಂಡ ಅನ್ನದ ಪಾತ್ರೆಯ ಹಿಂದೆ ಅಡಗಿದರು. ಆ ಮನೆಯಿಂದ ನಮಗೆ ಆಮೇಲೆ ಕರೆ ಬರಲಿಲ್ಲ, ಅದರ ಬಗ್ಗೆ ನನಗೆ ಬೇಸರವೂ ಇಲ್ಲ. ಅವರ ಪಾಯಸ ಯಾವಾಗಲೂ ನೀರು ನೀರು.

ಆದರೆ ಕೆಲಸ ಆಗಿಹೋಗಿತ್ತು. ಒಂದು ಮಧ್ಯಾಹ್ನ ಹನೀಫನೇ ನನಗೆ ಫೋನ್ ಮಾಡಿದ. "ಅಕ್ಕ, ಬಾರ್ಬಡೋಸ್ ಖಲಾಸ್. ಸದಾಶಿವಣ್ಣ ಬಂದಿದ್ರು. ಮಂಗಳೂರಿಗೆ ಮಾಡಿಸಿಕೊಂಡು ಹೋದ್ರು. ಹೇಮಕ್ಕನಿಗೆ ಗೊತ್ತುಂಟಾ?"

ಹೇಮಕ್ಕನಿಗೆ ಗೊತ್ತಿರಲಿಲ್ಲ. ಜಗಳ ಆಗುವುದು ಬೇಡವೆಂದು ಸದಾಶಿವಣ್ಣ ಮೊದಲು ಟಿಕೆಟ್ ಬದಲಿಸಿ, ಆಮೇಲೆ ಹೇಳಿದರಂತೆ. ಜಗಳ ಆಗಲೂ ಇಲ್ಲ. ಸಂಜೆ ನಾನು ಬೆಂಕಿಯಾಗಿ ಅವರ ಬಾಗಿಲಿಗೆ ಹೋದರೆ ಹೇಮಕ್ಕ ಸೂಟ್‌ಕೇಸ್ ತೆರೆದು ರತ್ನಕ್ಕನಿಗೆ ಸೀರೆ, ಪ್ರವೀಣನಿಗೆ ವಾಚು, ಮಕ್ಕಳಿಗೆ ಚಾಕೊಲೇಟ್ ಜೋಡಿಸುತ್ತಿದ್ದರು. ಆ ಲೋಷನ್ನನ್ನು ನನ್ನ ಕೈಗಿಟ್ಟರು. "ನೀನು ಹಚ್ಚಿಕೋ. ಇಟ್ರೆ ಎಕ್ಸ್‌ಪೈರಿ ಆಗ್ತದೆ."

"ನಿಮಗೆ ಸಿಟ್ಟು ಬರುವುದಿಲ್ವಾ ಹೇಮಕ್ಕ?" ನಾನು ಬಹುತೇಕ ಕಿರುಚಿದೆ.

"ಬರ್ತದೆ" ಎಂದರು. "ಅದಕ್ಕೂ ಪುರುಸೊತ್ತು ಬೇಕಲ್ಲ."

ಅಂದು ನನಗೆ ಸದಾಶಿವಣ್ಣನ ಮೇಲೆ, ರತ್ನಕ್ಕನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಹೇಮಕ್ಕನ ಮೇಲೆಯೇ ಬಂತು. ಹೊಸ ಮನೆಯೊಂದಕ್ಕೆ ಹಾಲು ಉಕ್ಕಿಸಲು ಈ ಹೆಂಗಸು ಇಲ್ಲದಿದ್ದರೆ ಹಾಲು ಉಕ್ಕುವುದಿಲ್ಲವೇ? ಒಂದು ಸಲ ಕಾಲು ಊರಿ ನಿಲ್ಲಬಾರದಿತ್ತೇ? ಆ ಕಾಲು ದಿನವಿಡೀ ಊರಿಯೇ ಇತ್ತೆಂಬುದು ನನ್ನ ಸಿಟ್ಟಿಗೆ ಆಗ ಕಾಣಲಿಲ್ಲ.

ಒಕ್ಕಲಿನ ಫೋಟೋಗಳು ಬಂದವು. ಹೇಮಕ್ಕ ವಾಪಸು ಬಂದ ಮೇಲೆ ಮೊಬೈಲನ್ನು ನನ್ನ ಕೈಗೆ ಕೊಟ್ಟು ಚಹಾ ಮಾಡಲು ಒಳಗೆ ಹೋದರು. ನಾನು ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆ. ರತ್ನಕ್ಕ ಸೋಫಾದಲ್ಲಿ, ಯಜಮಾನರು ಕುರ್ಚಿಗಳಲ್ಲಿ, ಮಕ್ಕಳು ನೆಲದಲ್ಲಿ. ಹೇಮಕ್ಕ ಕೆಲವು ಚಿತ್ರಗಳಲ್ಲಿ ಇದ್ದರು. ಕಾಫಿ ತಟ್ಟೆ ಹಿಡಿದು, ಎಲೆ ಹಾಸುತ್ತಾ, ಬಾಗಿಲ ಸಂದಿನಲ್ಲಿ ಅರ್ಧ ಮುಖ. ಕುಳಿತದ್ದು ಒಂದರಲ್ಲೂ ಇಲ್ಲ. ಅವರು ಚಹಾ ತಂದಾಗ ನಾನು ಮೊಬೈಲನ್ನು ಮಗುಚಿಟ್ಟು, "ಮನೆ ಚಂದ ಆಗಿದೆ" ಎಂದೆ.

ಆ ಲೋಷನ್ನನ್ನು ನಾನು ಮುಗಿಸಿದೆ. ಆ ಬೇಸಿಗೆಯಲ್ಲಿ ಪಾರ್ಕಿಂಗಿನಿಂದ ಆಫೀಸಿಗೆ ನಡೆಯುವಾಗ, ಮಗನನ್ನು ಸ್ಕೂಲ್ ಬಸ್ಸಿಗೆ ಬಿಡುವಾಗ ಹಚ್ಚಿಕೊಂಡೆ. ಹಚ್ಚಿಕೊಂಡಾಗಲೆಲ್ಲ ಮೈ ಉರಿಯಿತು. ಅದು ಬಿಸಿಲಿನ ಉರಿಯಲ್ಲ. ಒಂದೆರಡು ವರ್ಷದಲ್ಲಿ ಹೇಮಕ್ಕನ ಕ್ಲಿನಿಕ್ಕಿನವರು ವಯಸ್ಸಾಯಿತೆಂದು ಮನೆಗೆ ಕಳುಹಿಸಿದರು. ಗಂಡ ಹೆಂಡತಿ ಊರಿಗೆ ಹೋಗಿ ಮಂಗಳೂರಿನಲ್ಲಿ ಒಂದು ಫ್ಲಾಟ್ ಮಾಡಿಕೊಂಡರು. ಆ ವಿಲ್ಲಾದ ಅಂಗಳದಿಂದ ಬಸಳೆಯೂ ಹೋಯಿತು, ನಾವೂ ಹೋದೆವು. ಊರಿಗೆ ಹೋದ ಮೇಲೆ ಹೇಮಕ್ಕನಿಗೆ ರಜೆಯ ಪ್ರಶ್ನೆಯೇ ಇಲ್ಲದಾಯಿತು. ಇಲ್ಲಿದ್ದಾಗ ಅವರನ್ನು ವರ್ಷಕ್ಕೆ ಒಂದು ಸಲ ಕರೆಯಬೇಕಿತ್ತು. ಈಗ ಯಾವ ದಿನವೂ ಆಗುತ್ತದೆ.

ಇಷ್ಟನ್ನು ನಿಮಗೆ ಹೇಳುತ್ತಾ ಅಂಗಡಿಯ ಸಾಲಿನಲ್ಲಿ ನಿಂತೇ ಇದ್ದೇನೆ ಎಂದುಕೊಳ್ಳಬೇಡಿ. ಬೇಳೆ ಸಿಕ್ಕಿತು. ಕಾರಿನ ಹತ್ತಿರ ಬಂದಾಗ ನನ್ನ ಗಂಡ ಚೀಲಗಳನ್ನು ಡಿಕ್ಕಿಗೆ ತುಂಬುತ್ತಾ, ನನ್ನ ಕಡೆ ನೋಡದೆ ಒಂದು ಮಾತು ಹೇಳಿದರು. ಮೂರು ದಿನದಿಂದ ಬಾಯಿಯೊಳಗೆ ಇಟ್ಟುಕೊಂಡಿದ್ದ ಮಾತು.

"ಅಣ್ಣ ಫೋನ್ ಮಾಡಿದ್ದ. ಬರುವ ವರ್ಷ ಮಗಳ ಮದುವೆಯಂತೆ. ರಜೆ ಯಾವಾಗ ಅಂತ ಕೇಳಿದ. ನಿಮ್ಮ ಮಗ ಕಾಲೇಜಿಗೆ ಊರಿಗೆ ಬಂದನಲ್ಲ, ಇನ್ನು ನಿಮಗೆ ಸ್ಕೂಲಿನ ತಾಪತ್ರಯ ಇಲ್ಲವಲ್ಲ, ಫೆಬ್ರವರಿಗೆ ಇಡುವುದಾ ಅಂದ."

"ನೀವು ಎಂತ ಹೇಳಿದ್ರಿ?"

"ಕೇಳಿ ಹೇಳ್ತೇನೆ ಅಂದೆ."

ಸದಾಶಿವಣ್ಣನಿಗಿಂತ ಇವರು ಎಷ್ಟು ವಾಸಿ ಎಂದು ಅಂದು ಅಲ್ಲಿ ನಿಂತು ಯೋಚಿಸಿದೆ. ಕೇಳಿ ಹೇಳುತ್ತೇನೆ ಎಂದಿದ್ದಾರೆ. ಅದು ದೊಡ್ಡದು. "ಮದುವೆಯ ದಿನ ಇಟ್ಟು ಹೇಳ್ಲಿ, ಆ ದಿನಕ್ಕೆ ನೀವು ಹೋಗಿ ಬನ್ನಿ. ನನ್ನ ರಜೆಗೆ ಯಾರೂ ದಿನ ಇಡುವುದು ಬೇಡ" ಎಂದು ಹೇಳಿ, ಕಾರಿನೊಳಗೆ ಕುಳಿತು, ಸಿಟ್ಟು ಇಳಿಯುವ ಮೊದಲೇ ಹೇಮಕ್ಕನಿಗೆ ಫೋನ್ ಮಾಡಿದೆ.

ಹಿಂದೆ ಮಕ್ಕಳ ಗಲಾಟೆ, ಪಾತ್ರೆಯ ಸದ್ದು. "ಪ್ರವೀಣನಲ್ಲಿದ್ದೇನೆ ಮಾರಾಯ್ತಿ. ನಾಳೆ ಸಣ್ಣ ಮಗುವಿಗೆ ಅನ್ನಪ್ರಾಶನ. ಕಾಯಿ ತುರೀತಾ ಇದ್ದೇನೆ, ನೀನು ಹೇಳು."

ಹೇಳಿದೆ. ಅಂಗಡಿ, ಲೋಷನ್, ನನ್ನ ಭಾವನ ಫೋನ್. ಆಮೇಲೆ ಆ ಕ್ಷಣದವರೆಗೆ ನನಗೇ ಗೊತ್ತಿಲ್ಲದ ಒಂದು ಮಾತನ್ನು ಹೇಳಿದೆ. "ಬರುವ ಫೆಬ್ರವರಿಗೆ ನಾನು ಬಾರ್ಬಡೋಸ್‌ಗೆ ಹೋಗ್ತೇನೆ ಹೇಮಕ್ಕ. ನೀವು ಬರ್ತೀರಾ?"

ಇನ್ನು ಯಾಕೆ, ವಯಸ್ಸಾಯಿತು, ಕಾಲು ಆಗುವುದಿಲ್ಲ ಎನ್ನುತ್ತಾರೆಂದು ಬಯ್ಯಲು ಸಿದ್ಧಳಾಗಿಯೇ ಇದ್ದೆ. ಅವರು ಅದೊಂದನ್ನೂ ಹೇಳಲಿಲ್ಲ.

"ಇವರು ಬೇಡ" ಎಂದರು. "ನಾವಿಬ್ಬರೇ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಸದಾಶಿವಣ್ಣ ಬಿಡ್ತಾರಾ?"

"ಹಿಡ್ಕೊಂಡವರಲ್ವಾ ಬಿಡುವುದು?" ಹೇಮಕ್ಕನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಅವರು ನನ್ನನ್ನು ಯಾವತ್ತೂ ಬೇರೆಯವರಿಗೆ ಕೊಟ್ಟದ್ದೇ."

ಇಷ್ಟು ವರ್ಷ ಅವರ ಪರವಾಗಿ ಸಿಟ್ಟು ಹೊತ್ತುಕೊಂಡು ತಿರುಗಿದವಳು ನಾನು, ಅವರಿಗೆ ಅದು ಬರುವುದೇ ಇಲ್ಲವೆಂದು ತಿಳಿದು. ನನ್ನದು ಅಂಗಡಿಯಲ್ಲಿ, ಪೂಜೆಯಲ್ಲಿ, ಕಾರಿನಲ್ಲಿ ಉರಿದು ಬೂದಿಯಾಗುವ ಸಿಟ್ಟು. ಅವರದು ಅಲ್ಲೇ ಕೆಂಡವಾಗಿ ಇತ್ತು. ನನ್ನ ಮುಖ ನೋಡಿ ನನ್ನ ಗಂಡ ಗಾಬರಿಯಾಗಿ ಎಂಜಿನ್ ಆರಿಸಿದರು.

ಆ ಕಡೆ ಯಾರೋ ಕೂಗಿದ್ದು ಕೇಳಿಸಿತು. ರತ್ನಕ್ಕನ ದನಿಯೇ ಇರಬೇಕು. "ಹೇಮಾ, ಕಾಯಿ ಆಯ್ತಾ? ಎಷ್ಟು ಹೊತ್ತು?"

"ಆಗ್ಲಿಲ್ಲ" ಎಂದರು ಹೇಮಕ್ಕ, ಗಟ್ಟಿಯಾಗಿ, ಇಡೀ ಮನೆಗೆ ಕೇಳುವ ಹಾಗೆ. "ಬೇರೆ ಯಾರಾದ್ರೂ ತುರೀಲಿ. ನನಗೆ ರಜೆ."

ತುರಿಮಣೆಯನ್ನು ನೆಲದ ಮೇಲೆ ಬದಿಗೆ ಸರಿಸಿದ ಸದ್ದು ಕೇಳಿತು. ಆಮೇಲೆ ನನಗೆ, "ಹೇಳು ನೀನು. ಯಾವ ದಿನಕ್ಕೆ ಟಿಕೆಟ್?"